ಖಾಲಿ ಬಿಡಬಾರದ ಖಾನೆಗಳು

೧೩ ಜೂನ್ ೧೯೮೮, ಸೋಮವಾರ

ಮುಂಡರಗಿಯಲ್ಲಿ ಮೀಟಿಂಗಿತ್ತು. ನಮ್ಮ ಮೇಲ್ವಿಚಾರಕರಾದ ಈಶಪ್ಪನವರು ಹೊಸ ಫಾರಂಗಳ ಗಂಟು ಬಿಚ್ಚಿ ಹದಿನಾಲ್ಕು ಮಂದಿ ನರ್ಸುಗಳಿಗೆ ಹಂಚಿದರು. ಒಂದು ಫಾರಂಗೆ ಮೂವತ್ತೆಂಟು ಖಾನೆ. ಜ್ವರಕ್ಕೂ ಅದೇ, ಹೆರಿಗೆಗೂ ಅದೇ, ಕೂಸಿನ ಲಸಿಕೆಗೂ ಅದೇ. ಗದಗಿನಲ್ಲಿ ಯಾವುದೋ ಯೋಜನೆಯವರು ಬಾಡಿಗೆ ಕಟ್ಟಡದಲ್ಲಿ ಕಂಪ್ಯೂಟರ್ ತಂದು ಕೂರಿಸಿದ್ದಾರೆ, ಇನ್ನು ಮುಂದೆ ನಮ್ಮ ಹಳ್ಳಿಗಳ ಲೆಕ್ಕವನ್ನೆಲ್ಲ ಅದೇ ಓದುತ್ತದೆ ಎಂದರು.

“ಒಂದ ಖಾನೆ ಖಾಲಿ ಬಿಟ್ರೂ ಮಷಿನ್ ಕಾಗದಾ ವಾಪಸ್ ಒಗೀತೈತಿ. ಮದ್ಲ ಫಾರಂ, ಆಮ್ಯಾಲ ಔಷಧ. ತಿಳೀತಿಲ್ಲೋ?”

ನಾನು ಎದ್ದು ಕೇಳಿಯೇಬಿಟ್ಟೆ. “ಸರ, ಹೆರಿಗಿ ಬ್ಯಾನಿ ತಿನ್ನಾಕಿ ಮುಂದ ಕುಂತು ಮೂವತ್ತೆಂಟು ಖಾನೆ ಹೆಂಗ ತುಂಬೂದ್ರಿ?”

ಎಲ್ಲರೂ ನಕ್ಕರು. ಅವರೂ ನಕ್ಕರು. “ಬ್ಯಾನಿಗೂ ಕೋಡ್ ಐತೆವಾ ಅಮೀನಬಿ. ನಾಲ್ಕು. ನಾಲ್ಕ ಅಂತ ಬರಿ, ಮುಗೀತು.”

ಬಸ್ಸಿಳಿದು ಊರೊಳಗೆ ಬರುವಾಗ ತಿರಕಪ್ಪ ತನ್ನ ಚಕ್ಕಡಿಯ ಎತ್ತಿಗೆ ಬಾರಕೋಲಿನಿಂದ ಎರಡು ಬಿಗಿದ. ಏಟು ಬಿದ್ದದ್ದು ಎತ್ತಿಗೆ, ಜುಮ್ಮೆಂದದ್ದು ನನ್ನ ಎಡಗೈ ಮಣಿಕಟ್ಟು. ಲಕ್ಷ್ಮೇಶ್ವರದ ಗಂಡ ಅದನ್ನು ಮುರಿದು ಹತ್ತು ವರ್ಷವಾಯಿತು, ತಲಾಖಾಗಿ ಒಂಬತ್ತು. ಇನ್ನೂ ಏಟಿನ ಸದ್ದು ಕೇಳಿದರೆ ಕಣ್ಣು ಮುಚ್ಚುತ್ತೇನೆ. ಅಷ್ಟು ಪುಕ್ಕಲಿ ನಾನು.

೨೧ ಜೂನ್

ಹಳೆಯ ರಿಜಿಸ್ಟರನ್ನು ನೋಡಿ ಹೊಸ ಫಾರಂ ತುಂಬುತ್ತಿದ್ದೇನೆ. ಕೊನೆಯ ಪುಟಕ್ಕೆ ಬಂದು ಕೈ ನಿಂತಿತು.

ಅದು ತವರಿನ ಪುಟ. ನನಗೆ ಈ ಉಪಾಯ ಹೇಳಿಕೊಟ್ಟವರು ನನಗಿಂತ ಮೊದಲು ಇಲ್ಲಿದ್ದ ಮುದುಕಿ ನರ್ಸಬಾಯಿ. ಗಂಡನಿಗೆ, ಅತ್ತೆಗೆ ತಿಳಿಯದಂತೆ ಬಸಿರು ತಡೆಯುವ ವಂಕಿ ಹಾಕಿಸಿಕೊಂಡ ಹೆಂಗಸರನ್ನು ಗಂಡನ ಮನೆಯ ಹೆಸರಿನಲ್ಲಿ ಬರೆಯಬಾರದು. ಅವರ ಅಪ್ಪನ ಹೆಸರು, ತವರೂರು, ಅಷ್ಟೇ. ಯಾರಾದರೂ ರಿಜಿಸ್ಟರ್ ತೆರೆದು ನೋಡಿದರೂ ಬೇರೆ ಊರಿನ ಯಾವಳೋ ಎಂದುಕೊಂಡು ಮುಚ್ಚುತ್ತಾರೆ.

ಆ ಪುಟದಲ್ಲಿ ಈಗ ಇರುವವಳು ದೇವವ್ವ ಒಬ್ಬಳೇ, ತಿರಕಪ್ಪನ ಹೆಂಡತಿ. ಇಪ್ಪತ್ತೇಳು ವರ್ಷ, ಮೂರು ಹೆಣ್ಣುಮಕ್ಕಳು. ಮೂರನೆಯದು ಹುಟ್ಟಿದಾಗ ಎರಡು ಸೀರೆ ತೊಯ್ದರೂ ರಕ್ತ ನಿಂತಿರಲಿಲ್ಲ. ಇನ್ನೊಂದು ಹೆತ್ತರೆ ಉಳಿಯುವುದಿಲ್ಲ ಎಂದು ಮುಂಡರಗಿಯ ಡಾಕ್ಟರು ತಿರಕಪ್ಪನ ಎದುರಿಗೇ ಹೇಳಿದರು. ಅವನು ಡಾಕ್ಟರ ಮುಂದೆ ತಲೆಯಾಡಿಸಿ, ಮನೆಗೆ ಬಂದು ಗಂಡು ಬೇಕು ಎಂದ. ಅವನ ತಾಯಿ ಫಕ್ಕೀರವ್ವ ಮಗನಿಗಿಂತ ಒಂದು ಕೈ ಮೇಲು. ಹೋದ ವರ್ಷ ಏಪ್ರಿಲ್ ಹದಿನಾಲ್ಕಕ್ಕೆ ದೇವವ್ವ ಶಕ್ತಿ ಸೂಜಿಯ ನೆಪ ಹೇಳಿ ಬಂದಳು, ನಾನೇ ವಂಕಿ ಹಾಕಿದೆ. ಅದು ಒಳಗಿರುವವರೆಗೆ ಬಸಿರು ನಿಲ್ಲುವುದಿಲ್ಲ.

“ಬಾಯಾರ, ಈ ಮೂರು ದೊಡ್ಡಾವ ಆಗೂತನಾ ನನ್ನ ಬದುಕಸ್ರಿ ಸಾಕು,” ಎಂದು ಅಂದು ನನ್ನ ಕೈ ಹಿಡಿದಿದ್ದಳು.

ಹೊಸ ಫಾರಂನಲ್ಲಿ ತವರಿಗೆ ಖಾನೆಯೇ ಇಲ್ಲ. ಒಂಬತ್ತನೆಯದು ಮನೆ ನಂಬರ್, ಹತ್ತನೆಯದು ಯಜಮಾನನ ಹೆಸರು. ಎರಡನ್ನೂ ಖಾಲಿ ಬಿಟ್ಟು ಕಳಿಸಿದೆ. ಮಷಿನ್ ಏನು ಮಹಾ ಮಾಡೀತು!

೨೪ ಜುಲೈ

ಹಳ್ಳ ಬಂದು ರಸ್ತೆ ಮುಳುಗಿತ್ತು. ಲಸಿಕೆ ಡಬ್ಬಿಯೊಳಗೆ ಐಸು ಕರಗುತ್ತಿದೆ, ಆಚೆ ದಂಡೆಯಲ್ಲಿ ಕೂಸುಗಳು ಕಾಯುತ್ತಿವೆ. ತಿರಕಪ್ಪ ಎಲ್ಲಿಂದಲೋ ಬಂದ. ಏನೂ ಕೇಳದೆ ಡಬ್ಬಿಯನ್ನು ತಲೆಯ ಮೇಲಿಟ್ಟುಕೊಂಡು ಎದೆಮಟ್ಟದ ನೀರಿಗಿಳಿದ. ಹಿಂದೆ ಬಂದ ನನಗೆ ಬಾರಕೋಲಿನ ತುದಿ ಕೊಟ್ಟು, “ಗಟ್ಟಿ ಹಿಡೀರಿ ಬಾಯಾರ, ನಿಮ್ಮನ್ನ ಹೊಳಿಗೆ ಬಿಟ್ರ ಊರ ಮಂದಿ ನನ್ನ ಬಿಡಂಗಿಲ್ಲ,” ಎಂದು ನಕ್ಕ. ಇಪ್ಪತ್ತಾರು ಕೂಸುಗಳಿಗೆ ಲಸಿಕೆಯಾಯಿತು. ಅವನು ಕೆಟ್ಟವನಲ್ಲ.

೨ ಆಗಸ್ಟ್

ಕೆಟ್ಟ ದಿನ. ಕಂಪ್ಯೂಟರ್ ನನ್ನ ನಲವತ್ತೊಂದು ಫಾರಂಗಳನ್ನು ತಿರಸ್ಕರಿಸಿದೆ. ನಲವತ್ತು ನನ್ನ ಅಂಕಿಯ ತಪ್ಪು, ಏಳನ್ನು ಒಂದು ಎಂದು ಓದಿದೆ. ಅವನ್ನು ಅಲ್ಲೇ ತಿದ್ದಿಕೊಟ್ಟೆ. ಉಳಿದದ್ದು ದೇವವ್ವನದು.

ಈಶಪ್ಪನವರು ಎಲ್ಲರ ಮುಂದೆ ಆ ಹಾಳೆಯನ್ನು ನನ್ನ ಮುಖಕ್ಕೆ ಹಿಡಿದರು. “ಈಕಿಗೆ ಮನಿ ಇಲ್ಲೇನು? ಗಂಡ ಇಲ್ಲೇನು? ಗಾಳ್ಯಾಗ ಅದಾಳೇನು?”

“ಅದು ಮನ್ಯಾಗ ಗೊತ್ತಿಲ್ರಿ ಸರ. ಗೊತ್ತಾತಂದ್ರ ಕೊಂದ ಹಾಕ್ತಾನ್ರಿ.”

“ಮಷಿನ್ ಹೋಗಿ ಅವನ ಮುಂದ ಹೇಳತೈತೇನು? ಅದು ಗದಗಿನ್ಯಾಗ ಕೀಲಿ ಹಾಕಿದ ಖೋಲ್ಯಾಗ ಕುಂತೈತಿ. ಸಂಜಿ ಒಳಗ ತುಂಬು, ಇಲ್ಲಂದ್ರ ನಿನ್ನ ಇನ್‌ಕ್ರಿಮೆಂಟ್ ಮರೀಬೇಕು.”

ತುಂಬಿದೆ. ಒಂಬತ್ತರಲ್ಲಿ ನೂರಾ ಹದಿನೇಳು, ಹತ್ತರಲ್ಲಿ ತಿರಕಪ್ಪ. ಹೌದಲ್ಲ, ಮಷಿನ್ ಯಾರಿಗೆ ಹೇಳುತ್ತದೆ? ರಿಜಿಸ್ಟರಾದರೆ ಯಾರ ಕೈಗಾದರೂ ಸಿಕ್ಕೀತು. ಈಶಪ್ಪನವರು ಹೇಳಿದ್ದರಲ್ಲೂ ಅರ್ಥವಿದೆ.

೧೬ ಆಗಸ್ಟ್

ಅರ್ಥವಿಲ್ಲ, ಮಣ್ಣೂ ಇಲ್ಲ. ಇಂದಿನ ಮೀಟಿಂಗಿನಲ್ಲಿ ಈಶಪ್ಪನವರು ಮದುಮಗನ ಹಾಗೆ ಮೀಸೆ ಸವರುತ್ತ ಹೇಳಿದರು: ಮುಂದಿನ ತಿಂಗಳಿಂದ ಕಂಪ್ಯೂಟರ್ ತಾನೇ ಕಾರ್ಡು ಬರೆದು ಮನೆಮನೆಗೆ ಟಪಾಲಿಗೆ ಹಾಕುತ್ತದೆ. ಯಾರಿಗೆ ಯಾವ ತಪಾಸಣೆ ಬಾಕಿ, ಯಾವ ತಾರೀಖಿಗೆ ಏನು ಹಾಕಿಸಿಕೊಂಡಿದ್ದಾರೆ, ಎಲ್ಲವೂ ಮನೆಯ ಯಜಮಾನನ ಹೆಸರಿಗೆ.

ನಾಳೆಯೇ ಗದಗಿಗೆ ಹೋಗುತ್ತೇನೆ.

೧೭ ಆಗಸ್ಟ್, ಬುಧವಾರ

ಕಂಪ್ಯೂಟರ್ ನೋಡಿಬಂದೆ. ಚಪ್ಪಲಿ ಬಿಟ್ಟು ಒಳಗೆ ಹೋಗಬೇಕು. ಆಗಸ್ಟಿನಲ್ಲೂ ನಡುಗುವಷ್ಟು ತಂಪು ಮಾಡಿಟ್ಟಿದ್ದಾರೆ. ಬಾಣಂತಿಯರಿಗೆ ಇಂಥ ಆರೈಕೆ ನಾನು ಎಲ್ಲೂ ಕಂಡಿಲ್ಲ.

ಅದನ್ನು ನಡೆಸುವ ಹುಡುಗನ ಹೆಸರು ಜಹಾಂಗೀರ. ಬೆಟಗೇರಿಯವನು, ನನ್ನ ಅಣ್ಣನ ಓಣಿಯ ಪಕ್ಕದವನೇ. ಎಲ್ಲ ಹೇಳಿದೆ. ಒಳ್ಳೆಯವನು, ತಕ್ಷಣ ಗುಂಡಿ ಒತ್ತಿದ. ಕರಿ ಪರದೆಯ ಮೇಲೆ ಹಸಿರು ಅಕ್ಷರಗಳಲ್ಲಿ ದೇವವ್ವ ಬಂದಳು. ಮನೆ ನಂಬರ್, ಗಂಡ, ವಂಕಿಯ ತಾರೀಖು, ಎಲ್ಲವೂ ಇತ್ತು.

“ಇದನ್ನ ಅಳಿಸಿಬಿಡೋ ತಮ್ಮಾ.”

“ಸುಮ್ನ ಅಳಸಾಕ ಬರಂಗಿಲ್ಲ ಆಪಾ. ಕಾರಣ ಕೇಳ್ತೈತಿ. ಮೂರಽ ಕಾರಣ ಕೊಟ್ಟಾರ. ಒಂದು, ಸತ್ತಾಳ. ಎರಡು, ಊರು ಬಿಟ್ಟಾಳ. ಮೂರು, ವಯಸ್ಸು ನಲವತ್ತೈದು ದಾಟೈತಿ.”

“ಗಂಡಗ ತಿಳಿಸಬ್ಯಾಡ ಅನ್ನೂ ಕಾರಣ ಇಲ್ಲೇನು?”

“ಇದನ್ನ ಬರದಾವ್ರು ನಿಮ್ಮನ್ನ ಕೇಳಿ ಬರದಿಲ್ಲಲ್ರಿ,” ಎಂದು ನಕ್ಕ.

ಮೂರನೆಯದನ್ನು ಒತ್ತಿ ನೋಡಿದ. ಇಪ್ಪತ್ತೇಳು ವರ್ಷದವಳೆಂದು ಮಷಿನ್ ಕೀಂವ್ ಎಂದು ಕೂಗಿ ಒಪ್ಪಲಿಲ್ಲ. “ಒಂದ್ನೇದು ಒತ್ತಿಬಿಡ್ತೇನ್ರಿ ಆಪಾ. ಸತ್ತಾಳ ಅಂದ್ರ ಮುಗದಹೋತು, ಮತ್ತ ಕಾರ್ಡ್ ಬರೂ ಮಾತಿಲ್ಲ. ಯಾರ ನೋಡ್ತಾರ?”

ಅವನ ಬೆರಳು ಒಂದರ ಮೇಲಿತ್ತು. ನಾನು ಅವನ ಕೈ ಹಿಡಿದುಬಿಟ್ಟೆ. ತೌಬಾ ತೌಬಾ! ಮೂರು ಮಕ್ಕಳ ತಾಯಿ, ನೆಟ್ಟಗೆ ಓಡಾಡಿಕೊಂಡಿರುವವಳು. ಇದ್ದವಳನ್ನು ಸತ್ತಳೆಂದು ಬರೆದರೆ ಆ ಮಾತು ಎಲ್ಲಿ ಹೋಗಿ ತಟ್ಟುತ್ತದೋ. ನನ್ನ ತಾಯಿ ಯಾರಾದರೂ ಸಿಟ್ಟಿನಲ್ಲಿ ಸಾಯಿ ಎಂದರೂ ಬಾಯಿಗೆ ಉಪ್ಪು ಹಾಕಿಸುತ್ತಿದ್ದಳು.

“ಎರಡ ಒತ್ತು. ಮಲ್ಲಸಮುದ್ರ ಅಂತ ಬರಿ, ಅಕಿ ತವರು ಅದು.”

ಒತ್ತಿದ. ಪರದೆಯಿಂದ ದೇವವ್ವ ಹೋದಳು. ಬಸ್‌ಸ್ಟ್ಯಾಂಡಿನಲ್ಲಿ ಗಿರಮಿಟ್ ತಿಂದು ಖುಷಿಯಾಗಿ ಬಂದೆ. ಮನುಷ್ಯರ ಮುಂದೆ ಮಷಿನ್ ಯಾವ ಲೆಕ್ಕ.

೬ ಸಪ್ಟೆಂಬರ್, ಮಂಗಳವಾರ

ಬರೆಯುತ್ತೇನೆ. ಎಲ್ಲವನ್ನೂ ಬರೆಯಬೇಕು.

ಬೆಳಿಗ್ಗೆ ಟಪಾಲು ಬಂತು. ನಮ್ಮ ಊರಿನ ಟಪಾಲು ಉಸ್ಮಾನಸಾಬನ ಚಹಾದ ಅಂಗಡಿಯಲ್ಲಿ ಹಂಚಿಕೆಯಾಗುವುದು. ಅವನು ಮಿಲಿಟರಿಯಲ್ಲಿದ್ದು ಬಂದವನು, ಊರಿನಲ್ಲಿ ಇಂಗ್ಲಿಷ್ ಬಲ್ಲವನು ಅವನೊಬ್ಬನೇ. ಯಾರಿಗೆ ಇಂಗ್ಲಿಷ್ ಕಾಗದ ಬಂದರೂ ಅವನು ಎದ್ದು ನಿಂತು ಗಟ್ಟಿಯಾಗಿ ಓದಿ ಕನ್ನಡದಲ್ಲಿ ಹೇಳಬೇಕು, ಉಳಿದವರು ಚಹಾ ಕುಡಿಯುತ್ತ ಕೇಳಬೇಕು. ಸರಕಾರದ ಕಾಗದವನ್ನು ಮುಚ್ಚಿ ಓದಿದರೆ ಏನೋ ಕಳ್ಳತನವಿದೆ ಎಂದು ಇಲ್ಲಿಯ ಮಂದಿ ತಿಳಿಯುತ್ತಾರೆ.

ಕಾರ್ಡು ತಿರಕಪ್ಪನದು. ಎಲ್ಲವೂ ಇಂಗ್ಲಿಷಿನಲ್ಲಿ. ಕನ್ನಡದಲ್ಲಿ ಇದ್ದಿದ್ದರೆ ಅವನೇ ಒಂದು ಮೂಲೆಯಲ್ಲಿ ಅಕ್ಷರ ಕೂಡಿಸಿಕೊಂಡು ಓದಿಕೊಳ್ಳುತ್ತಿದ್ದನೇನೋ. ಉಸ್ಮಾನಸಾಬ ಎದ್ದು ನಿಂತು ಓದಿದನಂತೆ. ನಿಮ್ಮ ಹೆಂಡತಿ ದೇವವ್ವ, ವಂಕಿ ಹಾಕಿದ ತಾರೀಖು ಹದಿನಾಲ್ಕು ಏಪ್ರಿಲ್ ಎಂಬತ್ತೇಳು. ಈಕೆ ನಿಮ್ಮ ಮನೆ ಬಿಟ್ಟು ಮಲ್ಲಸಮುದ್ರಕ್ಕೆ ಹೋಗಿ ನೆಲೆಸಿರುವುದು ನಿಜವೇ? ಯಜಮಾನ ಸಹಿ ಮಾಡಿ ತಿಳಿಸಬೇಕು.

ಊರು ಬಿಟ್ಟವರ ಬಗ್ಗೆ ಮಷಿನ್ ಹಳೆಯ ಮನೆಗೆ ಬರೆದು ಕೇಳುತ್ತದಂತೆ. ಜಹಾಂಗೀರನಿಗೂ ಅದು ಗೊತ್ತಿರಲಿಕ್ಕಿಲ್ಲ.

ಅಂಗಡಿಯಲ್ಲಿ ಎಂಟು ಮಂದಿಯಿದ್ದರು. ಒಬ್ಬ, “ಏನಲೇ ತಿರಕ್ಯಾ, ಹೆಣ್ತಿ ಯಾವಾಗ ಓಡಿಹ್ವಾದ್ಲೋ? ಮಲಗಿದ್ಯೇನ್ ನೀ?” ಎಂದನಂತೆ. ಎಲ್ಲರೂ ನಕ್ಕರಂತೆ. ತಿರಕಪ್ಪ ಚಹಾದ ಬಸಿ ಕೆಳಗಿಟ್ಟು ಎದ್ದುಹೋದನಂತೆ.

ನನಗೆ ಸುದ್ದಿ ತಿಳಿದು ಓಡುವಷ್ಟರಲ್ಲಿ ಅರ್ಧ ತಾಸು ಕಳೆದಿತ್ತು. ಓಣಿಯ ಹೆಂಗಸರು ಬಾಗಿಲಲ್ಲಿ ನಿಂತಿದ್ದರು, ಒಬ್ಬರೂ ಒಳಗೆ ಹೋಗಿರಲಿಲ್ಲ. ಹಿರಿಯ ಹುಡುಗಿ ಹನಮಂತವ್ವ, ಒಂಬತ್ತು ವರ್ಷದ್ದು, ತಂಗಿಯರಿಬ್ಬರ ಕಣ್ಣನ್ನು ಎರಡೂ ಕೈಯಿಂದ ಮುಚ್ಚಿ ಕಟ್ಟೆಯ ಮೇಲೆ ಕೂತಿತ್ತು. ದೇವವ್ವ ದನದ ಕೊಟ್ಟಿಗೆಯಲ್ಲಿ ಬಿದ್ದಿದ್ದಳು. ಬೆನ್ನ ಮೇಲೆ ಬಾರಕೋಲಿನ ಬಾಸುಂಡೆಗಳನ್ನು ಎಣಿಸಲು ಬರುತ್ತಿರಲಿಲ್ಲ. ಕೆಳಹೊಟ್ಟೆಗೆ ಒದ್ದಿದ್ದ, ಅಲ್ಲಿ ಮೈ ಕಪ್ಪಾಗಿ ಉಬ್ಬಿತ್ತು. ಫಕ್ಕೀರವ್ವನ ಮುಷ್ಟಿಯಲ್ಲಿ ಸೊಸೆಯ ಕೂದಲು ಹಾಗೇ ಇತ್ತು. “ತಗಿ ಅದನ್ನ, ಈಗ ತಗಿ,” ಎಂದು ತಿರಕಪ್ಪ ಇನ್ನೂ ಒದರುತ್ತಿದ್ದ.

ನಾನು ನಡುವೆ ಹೋಗಿ ನಿಂತೆ. ನನಗೂ ಭುಜಕ್ಕೆ ಒಂದು ಬಿತ್ತು. ಕಣ್ಣು ಮುಚ್ಚಲಿಲ್ಲ.

ಟ್ರ್ಯಾಕ್ಟರಿನಲ್ಲಿ ಹಾಕಿಕೊಂಡು ಹೊರಟೆ. ಫಾರಂ ಗೀರಂ ಯಾವುದೂ ನೆನಪಾಗಲಿಲ್ಲ. ಮುಂಡರಗಿ ಇನ್ನೂ ಎರಡು ಮೈಲಿ ಇತ್ತು. ಅವಳು ನನ್ನ ಸೆರಗು ಹಿಡಿದು, “ಹುಡುಗ್ಯಾರನ್ನ ಬಿಡಬ್ಯಾಡ್ರಿ ಬಾಯಾರ,” ಎಂದಳು. ಆಮೇಲೆ ಮಾತಿಲ್ಲ. ರಕ್ತ ಟ್ರ್ಯಾಕ್ಟರಿನ ಹಲಗೆಯ ಸಂದಿನಿಂದ ರಸ್ತೆಗೆ ಸೋರುತ್ತಿತ್ತು.

೭ ಸಪ್ಟೆಂಬರ್

ಸತ್ತಳು ಎಂದು ಒತ್ತಿದ್ದರೆ ಬದುಕುತ್ತಿದ್ದಳು.

೧೨ ಸಪ್ಟೆಂಬರ್

ಮಾಳಿಗೆಯ ಏಣಿಯಿಂದ ಬಿದ್ದು ಸತ್ತಳಂತೆ. ಹಾಗೆಂದು ಪಂಚರು ಹೇಳಿದರು, ಫೌಜದಾರ ಬರೆದುಕೊಂಡ. ಬಾಗಿಲಲ್ಲಿ ನಿಂತಿದ್ದ ಹೆಂಗಸರೆಲ್ಲ ಏನೂ ನೋಡಿಲ್ಲ. ಉಸ್ಮಾನಸಾಬ ಮಾತ್ರ ನನ್ನ ಬಾಗಿಲಿಗೆ ಬಂದು ಕೂತು ಅತ್ತ. “ನಾ ಓದಬಾರದಿತ್ತವಾ, ನನ್ನ ನಾಲಿಗಿ ಸುಡ್ಲಿ.”

ನಾನು ನೋಡಿದ್ದನ್ನು ನೋಡಿದ ಹಾಗೆಯೇ ಹೇಳಿದೆ. ಫೌಜದಾರ ಪೆನ್ನು ಕೆಳಗಿಟ್ಟ. “ನೀವು ಹೋದಾಗ ಆಕೀ ಆಗಲೇ ಬಿದ್ದಿದ್ಲಲ್ರಿ? ಒದಿಯೂದನ್ನ ಕಣ್ಣಾರೆ ನೋಡೀರೇನು?”

ಬೇಲಿಯೇ ಎದ್ದು ಹೊಲ ಮೇಯ್ದರೆ ಯಾರಿಗೆ ಹೇಳುವುದು. ತಿರಕಪ್ಪ ಇವತ್ತು ಶೇಂಗಾದ ಹೊಲಕ್ಕೆ ನೀರು ಕಟ್ಟುತ್ತಿದ್ದ. ನನ್ನನ್ನು ಕಂಡು ತಲೆ ತಗ್ಗಿಸಿದ. ತಗ್ಗಿಸಲಿ.

೨೦ ಸಪ್ಟೆಂಬರ್

ಮೆಮೋ ಬಂದಿದೆ. ಇದ್ದದ್ದನ್ನು ಇದ್ದ ಹಾಗೆ ನಕಲು ಮಾಡಿಕೊಳ್ಳುತ್ತೇನೆ.

“ದಿನಾಂಕ ೬-೯-೮೮ರಂದು ರೋಗಿಯೊಬ್ಬರನ್ನು ಫಾರಂ ತುಂಬದೆ ಕಳುಹಿಸಿರುವುದು ಗಂಭೀರ ಕರ್ತವ್ಯಲೋಪವಾಗಿದೆ. ಇನ್ನು ಮುಂದೆ ಎಲ್ಲ ಖಾನೆಗಳು ಪೂರ್ಣಗೊಳ್ಳದೆ ಯಾವ ರೋಗಿಯನ್ನೂ ಯಾವ ವಾಹನದಲ್ಲಿಯೂ ಕಳುಹಿಸತಕ್ಕದ್ದಲ್ಲ. ತಪ್ಪಿದಲ್ಲಿ ಅಮಾನತು.” ಕೆಳಗೆ ಈಶಪ್ಪನ ಸಹಿ.

ನಾನು ಅಳಲಿಲ್ಲ. ಮೆಮೋವನ್ನು ಮಡಚಿ ಔಷಧದ ಕಪಾಟಿನ ಬಾಗಿಲಿಗೆ ಅಂಟಿಸಿದೆ. ನಿಯಮ ಎಂದರೆ ನಿಯಮ.

೩ ಅಕ್ಟೋಬರ್

ಈ ತಿಂಗಳು ನನ್ನ ಒಂದು ಫಾರಮೂ ತಿರಸ್ಕಾರವಾಗಿಲ್ಲ. ಏಳರ ನಡುವೆ ಗೆರೆ ಎಳೆಯುತ್ತೇನೆ, ಖಾನೆಯ ನಟ್ಟನಡುವೆ ಬರೆಯುತ್ತೇನೆ. ರೊಟ್ಟಿ ಬಡಿಯುವಾಗಲೂ ಕೋಡುಗಳು ಬಾಯಿಪಾಠ.

ಬಚ್ಚಲಲ್ಲಿ ಚೇಳು ಕಾಣಿಸಿತು. ಮೊದಲಾಗಿದ್ದರೆ ಪಕ್ಕದ ಮನೆಯವರನ್ನು ಕೂಗುತ್ತಿದ್ದೆ. ಚಪ್ಪಲಿಯಿಂದ ನಾನೇ ಹೊಡೆದೆ. ಸತ್ತ ಮೇಲೂ ಸ್ವಲ್ಪ ಹೊತ್ತು ಹೊಡೆದೆ, ಕಲ್ಲಿಗೆ ಅಂಟಿದ್ದನ್ನು ಆಮೇಲೆ ಉಜ್ಜಿ ತೊಳೆಯಬೇಕಾಯಿತು.

೯ ಅಕ್ಟೋಬರ್

ಹೆರಿಗೆ, ಚೊಚ್ಚಲು. ಹುಡುಗಿ ತಿಣುಕುವುದಿಲ್ಲ, ಬರೀ ಚೀರುತ್ತಾಳೆ. ಖಾನೆಗೆ ವಯಸ್ಸು ಕೇಳಿದರೆ ಅವ್ವಾ ಎನ್ನುತ್ತಾಳೆ. ತೊಡೆಗೆ ನಾಲ್ಕು ಬಿಗಿದೆ. ಐದು ಬೆರಳೂ ಮೂಡಿದವು. ಆಮೇಲೆ ಎಲ್ಲ ಸರಿಯಾಗಿ ಹೇಳಿದಳು, ಕೂಸೂ ಬಂತು. ಎರಡೂವರೆ ಕಿಲೊ. ಇಷ್ಟು ದಿನ ಸುಮ್ಮನೆ ಮೆತ್ತಗಿದ್ದೆ.

೧೫ ಅಕ್ಟೋಬರ್

ಫಕ್ಕೀರವ್ವ ಕೆಮ್ಮಿಗೆ ಸೂಜಿ ಮಾಡಿಸಿಕೊಳ್ಳಲು ಬಂದಿದ್ದಳು. ಸೊಸೆಯ ಕೂದಲು ಹಿಡಿದಿದ್ದ ಆ ಕೈಯನ್ನೇ ಚಾಚಿದಳು. ಸೂಜಿ ಮೊಂಡಾಗಿತ್ತು, ಎರಡು ಸಲ ಚುಚ್ಚಿದರೂ ಇಳಿಯಲಿಲ್ಲ, ಮೂರನೆಯ ಸಲಕ್ಕೆ ಇಳಿಯಿತು. ಮುದುಕಿ ಓಣಿಗೆಲ್ಲ ಕೇಳುವಂತೆ ಕಿರುಚಿತು. ಡಬ್ಬಿಯಲ್ಲಿ ಹೊಸ ಸೂಜಿ ಇದ್ದದ್ದು ಆಮೇಲೆ ನೆನಪಾಯಿತು.

ರಾತ್ರಿ ಒಳ್ಳೆಯ ನಿದ್ದೆ ಬರುತ್ತಿದೆ.

೨೬ ಅಕ್ಟೋಬರ್, ಬುಧವಾರ

ಇವತ್ತಿನದನ್ನು ಕ್ರಮವಾಗಿ ಬರೆದಿಡುತ್ತೇನೆ. ನಾಳೆ ಯಾರಾದರೂ ಕೇಳಿದರೆ ತಪ್ಪಬಾರದು.

ಬೆಳಿಗ್ಗೆ ಹನ್ನೊಂದು. ಈಶಪ್ಪ ಫಾರಂ ಒಯ್ಯಲು ಯೋಜನೆಯ ಜೀಪಿನಲ್ಲಿ ಬಂದಿದ್ದ. ಜೀಪು ಬಾಗಿಲಲ್ಲೇ ನಿಂತಿತ್ತು, ಡ್ರೈವರ್ ಬೀಡಿ ಸೇದುತ್ತಿದ್ದ. ಆಗ ಹನಮಂತವ್ವ ಅಪ್ಪನನ್ನು ಹೆಗಲಿಗೆ ಆನಿಸಿಕೊಂಡು ಬಂತು. ಶೇಂಗಾ ಕೀಳುವಾಗ ಹಾವು ಕಚ್ಚಿದೆ, ನಾಗರ. ಹಿಮ್ಮಡಿಯ ಮೇಲೆ ಎರಡು ಹಲ್ಲು ಮೂಡಿದ್ದವು. ತಾನೇ ಮೀನಖಂಡಕ್ಕೆ ಹಗ್ಗ ಬಿಗಿದುಕೊಂಡಿದ್ದ. ವಿಷಕ್ಕೆ ಹಾಕುವ ಔಷಧ ನನ್ನಲ್ಲಿಲ್ಲ, ಮುಂಡರಗಿಯಲ್ಲಿದೆ. ಜೀಪಿನಲ್ಲಿ ಅರ್ಧ ತಾಸಿನ ದಾರಿ.

“ಬಾಯಾರ, ಜಲ್ದಿ ಏನರ ಮಾಡ್ರಿ,” ಎಂದಿತು ಹುಡುಗಿ.

ಅವನನ್ನು ಬೆಂಚಿನ ಮೇಲೆ ಕೂರಿಸಿದೆ. ಹೊಸ ಫಾರಂ ತೆಗೆದು ಪೆನ್ನಿಗೆ ಮಸಿ ತುಂಬಿದೆ.

ಒಂದನೆಯ ಖಾನೆಯಿಂದ ಶುರು ಮಾಡಿದೆ. ಹೆಸರು, ತಂದೆಯ ಹೆಸರು, ವಯಸ್ಸು. ಅವನು ಹೇಳುತ್ತಿದ್ದ. ಮನೆಯಲ್ಲಿ ಎಷ್ಟು ಮಂದಿ, ಕುಡಿಯುವ ನೀರು ಎಲ್ಲಿಯದು. ಎಂಟನೆಯದಕ್ಕೆ ಬರುವಷ್ಟರಲ್ಲಿ ಅವನ ರೆಪ್ಪೆ ಜೋಲತೊಡಗಿದವು. ಆಮೇಲೆ ಹುಡುಗಿ ಮುಂದೆ ಬಂದು ತಾನೇ ಉತ್ತರ ಹೇಳಹತ್ತಿತು. ನಾನು ಕೇಳಿ ಮುಗಿಸುವ ಮೊದಲೇ ಹೇಳುತ್ತಿತ್ತು.

ಈಶಪ್ಪ ಒಳಗೆ ಬಂದ. ನೋಡಿ ಗಾಬರಿಯಾದ. “ಏ ಅಮೀನಬಿ, ಬಿಡವಾ ಅದನ್ನ! ಆಮ್ಯಾಲ ತುಂಬಿದ್ರಾತು. ಜೀಪ್ ಐತಿ, ಹಾಕ್ಕೊಂಡ ಹೋಗೂಣು.”

ನಾನು ಕಪಾಟಿನ ಬಾಗಿಲು ತೋರಿಸಿದೆ. “ನೀವಽ ಬರದೀರಲ್ರಿ ಸರ. ಎಲ್ಲಾ ಖಾನೆ ಪೂರ್ಣ ಆಗದ ಯಾವ ವಾಹನದಾಗೂ ಕಳಸಬಾರದು. ಇದರಾಗ ಹಾವಿಗೆ ಬ್ಯಾರೆ ಅಂತ ಬರದಿಲ್ಲ. ಬ್ಯಾರೆ ಬರದ ಕೊಡ್ರಿ, ಸಹಿ ಮಾಡ್ರಿ, ಕಳಸ್ತೇನಿ.”

ಅವನು ಮೆಮೋ ಓದಿದ. ಸಹಿ ಮಾಡುವ ಧೈರ್ಯ ಅವನಿಗೆಲ್ಲಿಂದ ಬರಬೇಕು? “ಹಂಗಾರ ಜಲ್ದಿ ಬರಿ, ಜಲ್ದಿ,” ಎಂದು ಹೊರಗೆ ಹೋಗಿ ನಿಂತ.

ನಾನು ಅವಸರ ಮಾಡಲಿಲ್ಲ. ಅವಸರದಲ್ಲಿ ಅಂಕಿ ತಪ್ಪುತ್ತವೆ.

ಇಪ್ಪತ್ತೊಂದನೆಯದು ಹೆಂಡತಿಯ ಹೆಸರು. ಇಪ್ಪತ್ತೆರಡು, ಇದ್ದಾಳೋ ಇಲ್ಲವೋ. “ಇಲ್ರಿ,” ಎಂದಿತು ಹುಡುಗಿ. ಇಪ್ಪತ್ಮೂರು, ತೀರಿಕೊಂಡಿದ್ದರೆ ಕಾರಣ. ಹುಡುಗಿ ಬಾಯಿ ಮುಚ್ಚಿತು. ನಾನು ಅವನನ್ನೇ ಕೇಳಿದೆ.

“ಏಣಿ...” ಎಂದ. ನಾಲಿಗೆ ದಪ್ಪವಾಗಿತ್ತು. ಬಾಯಿಂದ ಜೊಲ್ಲು ಸುರಿಯುತ್ತಿತ್ತು.

“ಏಣಿಗೆ ಕೋಡ್ ಇಲ್ಲ ತಿರಕಪ್ಪ. ಖರೆ ಹೇಳು, ಬರಕೋತೇನಿ.”

ಅವನು ನನ್ನ ಮುಖ ನೋಡಿದ. ರೆಪ್ಪೆ ಎತ್ತಲಾರದೆ ತಲೆಯನ್ನೇ ಹಿಂದಕ್ಕೆ ಚೆಲ್ಲಿ ನೋಡಿದ. “ನಾ ಹೊಡದ್ನಿ... ನಾನಽ ಕೊಂದ್ನಿ. ಬಾಯಾರ, ಕಳಸ್ರಿ... ಹುಡುಗ್ಯಾರ...”

ಹುಡುಗಿ ಅಲ್ಲೇ ನಿಂತಿತ್ತು. ಆ ಮಾತನ್ನು ಅವನ ಬಾಯಿಂದ ಕೇಳಿದರೆ ಸಾಕು ಎಂದು ಐವತ್ತು ದಿನದಿಂದ ಅಂದುಕೊಂಡಿದ್ದೆ. ಆದರೆ ಅದಕ್ಕೂ ಕೋಡ್ ಇಲ್ಲ. ‘ಇತರೆ, ಒಂಬತ್ತು’ ಎಂದು ಬರೆದೆ. ಇನ್ನೂ ಹದಿನೈದು ಖಾನೆ ಉಳಿದಿದ್ದವು. ಅವನ್ನೂ ಕೇಳಿದೆ. ಮನೆಯಲ್ಲಿ ಪಾಯಖಾನೆ ಇದೆಯೇ, ಹಿಂದಿನ ವರ್ಷ ಮಲೇರಿಯಾ ಬಂದಿತ್ತೇ. ಹುಡುಗಿ ಎಲ್ಲದಕ್ಕೂ ಹೇಳಿತು. ಅಪ್ಪನ ತಲೆ ಅದರ ಹೆಗಲಿಗೆ ಬಿದ್ದಿತ್ತು, ಒಂದು ಕೈಯಿಂದ ಅದನ್ನು ಹಿಡಿದುಕೊಂಡೇ ಹೇಳಿತು.

ಹನ್ನೊಂದು ಐವತ್ತಕ್ಕೆ ಫಾರಂ ಮುಗಿಯಿತು. ಚೀಟಿ ಹರಿದು ಕೊಟ್ಟೆ. ಈಶಪ್ಪ ಅವನನ್ನು ಜೀಪಿಗೆ ಹಾಕಿಸಿಕೊಂಡು ಹೋದ. ಸಿಂಗಟಾಲೂರಿನ ತಿರುವು ದಾಟುವಾಗ ಉಸಿರು ನಿಂತಿತಂತೆ.

ಮಧ್ಯಾಹ್ನ ಎರಡು ರೊಟ್ಟಿ ಹೆಚ್ಚಿಗೆ ಉಂಡೆ. ಸಿಟ್ಟೇನೂ ಇರಲಿಲ್ಲ. ನನ್ನಿಂದ ನಿಯಮ ತಪ್ಪಿಲ್ಲ.

೨೮ ಅಕ್ಟೋಬರ್

ಈಶಪ್ಪನ ಕಾಗದ ಬಂದಿದೆ, ಎರಡೇ ಸಾಲು. ಗದಗಿನವರು ಆ ಫಾರಂ ನೋಡಿ ಮೆಚ್ಚಿದ್ದಾರಂತೆ. ತುರ್ತು ರೋಗಿಯದಾಗಿದ್ದರೂ ಒಂದು ತಪ್ಪೂ ಇಲ್ಲ, ಉಳಿದ ನರ್ಸುಗಳಿಗೆ ಮಾದರಿಯಾಗಿ ತೋರಿಸುತ್ತಾರಂತೆ.

ಫಕ್ಕೀರವ್ವ ಹಾಸಿಗೆ ಹಿಡಿದಿದ್ದಾಳೆ. ದೇವವ್ವನ ತವರಿನಲ್ಲಿ ಯಾರೂ ಉಳಿದಿಲ್ಲ. ಸಂಜೆ ದೀಪ ಹಚ್ಚುವ ಹೊತ್ತಿಗೆ ಮೂವರು ಹುಡುಗಿಯರೂ ಒಂದು ಬಟ್ಟೆಗಂಟು ಹಿಡಿದು ಬಾಗಿಲಿಗೆ ಬಂದು ನಿಂತರು. ಯಾರು ಕಳಿಸಿದರು ಎಂದು ಕೇಳಿದೆ. “ಅವ್ವ ಹೇಳಿದ್ಲು, ಏನರ ಆತಂದ್ರ ಬಾಯಾರ ಕಡೆ ಹೋಗ್ರಿ ಅಂತ,” ಎಂದಿತು ಹನಮಂತವ್ವ. ಒಳಗೆ ಕರೆದೆ. ಚಿಕ್ಕದು ಕೂತಲ್ಲೇ ನಿದ್ದೆ ಹೋಯಿತು.

ರೊಟ್ಟಿ ಬಡಿದು ತಟ್ಟೆಗೆ ಹಾಕಿದೆ. ಹಿರಿಯದು ಮುಟ್ಟಲಿಲ್ಲ. ತಟ್ಟೆ ಪಕ್ಕಕ್ಕೆ ಸರಿಸಿ ಕೇಳಿತು:

“ಬಾಯಾರ, ಮೊನ್ನೆ ನಾ ಎಲ್ಲಾ ಜಲ್ದಿ ಜಲ್ದಿ ಹೇಳಿದ್ನಿಲ್ರಿ? ಇನ್ನೂ ಜಲ್ದಿ ಹೇಳಿದ್ರ ಅಪ್ಪ ಉಳೀತಿದ್ದನೇನ್ರಿ?”

ಉಣ್ಣು ಎಂದೆ. ಅದು ಉಣ್ಣಲಿಲ್ಲ. ಅದನ್ನೇ ಮತ್ತೆ ಕೇಳಿತು.